ಅಡಕ ಏಳರ ಅಳತೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ನನ್ನ ಮಾವನಂಥವರ ಜೊತೆ ಒಂದೇ ಮನೆಯಲ್ಲಿ ಇದ್ದು, ಒಂದೇ ಕಡೆ ಕೆಲಸವನ್ನೂ ಮಾಡಿ ನೋಡಿ. ಆಮೇಲೆ ನಿಮ್ಮ ಮೂಗಿನ ಕತೆ ಏನಾಯಿತೆಂದು ಬಂದು ಹೇಳಿ.

ಮಾವ ಚಪ್ಪಲಿ ಹೊಲಿಯುತ್ತಾರೆ. ಊರಿನವರು ಅವರನ್ನು ಅಳತೆ ಮಾಸ್ತರು ಎನ್ನುತ್ತಾರೆ. ಯಾರು ಎದುರಿಗೆ ಬಂದರೂ ಮೊದಲು ಪಾದ ನೋಡಿ, ಮುಖದ ಕಡೆಗೆ ನಿಧಾನವಾಗಿ ಕಣ್ಣೆತ್ತುವ ಮನುಷ್ಯ. ನನ್ನ ಮದುವೆಯ ಮಾತುಕತೆಗೆ ಬಂದ ದಿನವೂ ಅಷ್ಟೇ. ಉಳಿದವರೆಲ್ಲ ನನ್ನ ಓದು, ಕೆಲಸ ಎಂದು ವಿಚಾರಿಸುತ್ತಿದ್ದರೆ, ಇವರು ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿಯನ್ನು ತಿರುಗಿಸಿ ನೋಡಿ, ಬಲಗಾಲಿನ ಹಿಮ್ಮಡಿ ಹೊರಗಡೆ ಸವೆಯುತ್ತಿದೆ, ಹುಡುಗಿಗೆ ಆತುರ ಜಾಸ್ತಿ ಎಂದರು. ನಮ್ಮಮ್ಮ ಮುಖ ಊದಿಸಿಕೊಂಡಳು. ನನಗೆ ನಗು ಬಂತು, ಅದಕ್ಕೇ ಒಪ್ಪಿಕೊಂಡೆ.

ನಮ್ಮ ಸಂಸ್ಥೆಗೆ ಇರುವುದು ಎರಡೇ ಕೋಣೆ. ಊರಾಚೆ, ಕುಷ್ಠರೋಗ ವಾಸಿಯಾದವರು ಬಹಳ ವರ್ಷಗಳಿಂದ ಕಟ್ಟಿಕೊಂಡಿರುವ ಕಾಲೋನಿಯ ಪಕ್ಕದಲ್ಲಿದೆ. ರೋಗ ಹೋಗಿದೆ, ಆದರೆ ಹೋಗುವಾಗ ಪಾದದ ಸ್ಪರ್ಶವನ್ನೂ ಕೊಂಡುಹೋಗಿದೆ. ಒಂದು ಕೋಣೆಯಲ್ಲಿ ನಿವೃತ್ತ ನರ್ಸ್ ಒಬ್ಬರು ಗಾಯ ತೊಳೆದು ಪಟ್ಟಿ ಕಟ್ಟುತ್ತಾರೆ. ಸಂಸ್ಥೆ ಕಟ್ಟಿದವರೂ ಅವರೇ, ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಇನ್ನೊಂದು ಕೋಣೆ ಮಾವನದು. ಅಂಟಿನ ವಾಸನೆ, ಮೆತ್ತನೆಯ ರಬ್ಬರ್ ಹಾಳೆಗಳು, ದಬ್ಬಳ, ದಾರ, ಗೋಡೆಗೆ ನೇತುಹಾಕಿದ ಚಪ್ಪಲಿ ತಳದ ಅಟ್ಟೆಗಳು. ಎರಡೂ ಕೋಣೆಗಳ ನಡುವಿನ ಓಣಿಯಲ್ಲಿ ನನ್ನ ಮೇಜು. ಪತ್ರ, ವರದಿ, ಧನಸಹಾಯದ ಅರ್ಜಿ, ಬೈಗುಳ, ಎಲ್ಲವೂ ನನ್ನ ಇಲಾಖೆ.

ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂದು ಹಾಕಿಕೊಂಡವರಿಗೇ ಗೊತ್ತು ಎನ್ನುತ್ತಾರೆ. ನಮ್ಮಲ್ಲಿಗೆ ಬರುವವರ ಮಟ್ಟಿಗೆ ಆ ಮಾತು ಶುದ್ಧ ಸುಳ್ಳು. ಅವರಿಗೆ ಗೊತ್ತಾಗುವುದೇ ಇಲ್ಲ. ಕಲ್ಲು ಹೊಕ್ಕರೂ ಗೊತ್ತಾಗುವುದಿಲ್ಲ, ಗಾಜು ಹೊಕ್ಕರೂ ಗೊತ್ತಾಗುವುದಿಲ್ಲ. ಮಾವ ಇದನ್ನು ಕಲಿತದ್ದು ತಮ್ಮ ತಪ್ಪಿನಿಂದಲೇ. ಆಗ ಬಸ್ ನಿಲ್ದಾಣದ ಮೂಲೆಯಲ್ಲಿ ಕೂತು ರಿಪೇರಿ ಮಾಡುತ್ತಿದ್ದರು. ಒಬ್ಬ ಕೂಲಿಯವನ ಅಟ್ಟೆಗೆ ಮೊಳೆ ಹೊಡೆದು ಕೊಟ್ಟರು. ಮೂರು ದಿನ ಬಿಟ್ಟು ಅವನು ಚಪ್ಪಲಿಯ ಪಟ್ಟಿ ಕಿತ್ತಿದೆ ಎಂದು ಮತ್ತೆ ಬಂದ. ಚಪ್ಪಲಿ ಬಿಚ್ಚಲು ಹೋದರೆ ಅದು ಕಾಲಿಗೆ ಅಂಟಿಕೊಂಡಿತ್ತು. ಮೊಳೆಯ ತುದಿ ಮೇಲೆ ಬಂದು ಪಾದದೊಳಗೆ ಹೋಗಿತ್ತು. ಆ ಮನುಷ್ಯ ಬೇರೆ ಯಾರದೋ ಕಾಲು ನೋಡುವಂತೆ ನೋಡಿ, ಓ, ಇದೇನಿದು ಎಂದನಂತೆ. ಅವನ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದವರು ಮಾವ, ಅಲ್ಲಿ ಪಟ್ಟಿ ಕಟ್ಟುತ್ತಿದ್ದವರು ದೊಡ್ಡಮ್ಮ. ಹಾಗೆ ಆದದ್ದು ಪರಿಚಯ.

ಅಂದಿನಿಂದ ಮಾವ ಮೊಳೆ ಮುಟ್ಟಿಲ್ಲ. ಹೊಲಿಗೆ ಮತ್ತು ಅಂಟು, ಅಷ್ಟೇ. ಅಂದಿನಿಂದಲೇ ಅವರ ಅಳತೆಯ ಹುಚ್ಚೂ ಶುರುವಾಯಿತು. ಬೇಕರಿಯವರು ಕೇಕಿನ ಕೆಳಗೆ ಹಾಸುತ್ತಾರಲ್ಲ, ಆ ಬೆಣ್ಣೆ ಕಾಗದದ ಮೇಲೆ ಬಂದವರ ಪಾದ ಇಡಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯುತ್ತಾರೆ. ಆಮೇಲೆ ಅಂಗಾಲಿನ ಉದ್ದಕ್ಕೂ ತಮ್ಮ ಕೈಯ ಹಿಂಬದಿ ತಾಗಿಸಿ ಎಲ್ಲಿ ಬಿಸಿಯಿದೆ ಎಂದು ನೋಡುತ್ತಾರೆ. ಬಿಸಿಯಿದ್ದರೆ ಅಲ್ಲಿ ನಾಳೆಯ ಗಾಯವಿದೆ ಎಂದರ್ಥ. ಹಾಳೆಯಲ್ಲಿ ಆ ಜಾಗಕ್ಕೆ ನೀಲಿ ಗುರುತು. ಗಾಯ ಇದ್ದರೆ ಇದ್ದಷ್ಟೇ ಗಾತ್ರದ ಕೆಂಪು ಗುರುತು. ಮೂಲೆಯಲ್ಲಿ ತಾರೀಖು. ಆರು ತಿಂಗಳಿಗೊಮ್ಮೆ ಅದೇ ಕಾಲಿಗೆ ಹೊಸ ಹಾಳೆ. ಅಟ್ಟೆಯನ್ನು ಎಲ್ಲಿ ತಗ್ಗಿಸಬೇಕು, ಎಲ್ಲಿ ಏರಿಸಬೇಕು ಎಂಬುದನ್ನು ಹಳೆಯ ಹಾಳೆಗಳೇ ಹೇಳಬೇಕು, ಕಾಲಿನ ಯಜಮಾನರು ಹೇಳಲಾರರಲ್ಲ. ಹನ್ನೊಂದು ವರ್ಷದ ಹಾಳೆಗಳು ಒಂದು ತಗಡಿನ ಟ್ರಂಕಿನಲ್ಲಿದ್ದವು. ಸಾವಿರದ ಮೇಲಿದ್ದವು.

ಅವುಗಳಲ್ಲಿ ಹದಿನಾಲ್ಕು ಸೊಪ್ಪಿನಮ್ಮನವು. ಬುಟ್ಟಿ ಹೊತ್ತು ಬೀದಿ ಬೀದಿ ಸೊಪ್ಪು ಮಾರುತ್ತಾಳೆ, ಕಾಲೋನಿಯವಳು, ನನ್ನ ಗೆಳತಿ. ಏಳು ವರ್ಷದ ಹಿಂದೆ ಅವಳ ಎಡ ಅಂಗಾಲಿನ ಗಾಯ ನೋಡಿ ದೊಡ್ಡ ಆಸ್ಪತ್ರೆಯವರು ಪಾದ ತೆಗೆಯಬೇಕು ಎಂದು ಬರೆದಿದ್ದರು. ಒಂದು ತಿಂಗಳು ತಡೆಯಿರಿ ಎಂದು ದೊಡ್ಡಮ್ಮ ಬೇಡಿಕೊಂಡರು. ಆ ತಿಂಗಳು ಇವತ್ತಿಗೂ ಮುಗಿದಿಲ್ಲ. ಆದರೆ ಚಪ್ಪಲಿ ಸವೆಯುತ್ತದೆ, ದಿನಕ್ಕೆ ಏಳೆಂಟು ಮೈಲಿ ನಡೆಯುವವಳದು ಬೇಗನೇ ಸವೆಯುತ್ತದೆ. ಹೊಸ ಜೋಡಿ ತಪ್ಪಿದರೆ ಗಾಯ ಬಾಯಿ ಬಿಡುತ್ತದೆ.

ಹೀಗಿರುವಾಗ ನಮಗೆ ಪ್ರತಿವರ್ಷ ಕೊಡುತ್ತಿದ್ದ ದಾನಿಗಳು ಕೈ ಎತ್ತಿದರು. ತಮ್ಮ ಆದ್ಯತೆ ಬದಲಾಗಿದೆ ಎಂದು ನಾಲ್ಕು ಸಾಲು ಬರೆದಿದ್ದರು, ಕೊನೆಗೆ ಶುಭಾಶಯ ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಇವರು ಹಾಸಿಗೆಯನ್ನೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ರಬ್ಬರ್ ಹಾಳೆ ಇನ್ನು ಎರಡು ತಿಂಗಳಿಗೆ ಸಾಕಾಗುವಷ್ಟಿತ್ತು. ಆಮೇಲೆ ಮಾವನ ಕೋಣೆ ಮುಚ್ಚಬೇಕು ಎಂದು ದೊಡ್ಡಮ್ಮ ಮೊದಲು ನನಗೆ ಹೇಳಿದರು, ಮಾವನಿಗೆ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅವರಿಗೆ ಹೇಗೋ ಗೊತ್ತಾಗಿತ್ತು. ಅವತ್ತಿನಿಂದ ಅಟ್ಟೆ ಕತ್ತರಿಸಿ ಉಳಿದ ಚೂರುಗಳನ್ನೂ ಎಸೆಯದೆ ಡಬ್ಬದಲ್ಲಿ ತುಂಬತೊಡಗಿದರು.

ಹುಡುಕಿ ಹುಡುಕಿ ಒಂದು ಪ್ರತಿಷ್ಠಾನದ ಪ್ರಕಟಣೆ ಕಂಡೆ. ಮೂರು ವರ್ಷದ ಅನುದಾನ, ನಮ್ಮಂಥ ಸಣ್ಣ ಸಂಸ್ಥೆಗಳಿಗೆ. ಅರ್ಜಿ ಮಾತ್ರ ನಲವತ್ತು ಪುಟ. ಸಮುದಾಯದ ಸಬಲೀಕರಣ ಎಂದರೇನು, ನಿಮ್ಮ ದೃಷ್ಟಿಕೋನವೇನು, ನಿಮ್ಮ ಕಾರ್ಯತಂತ್ರವೇನು. ಕಾಲು ಉಳಿಸುತ್ತೇವೆ ಸ್ವಾಮಿ, ಇನ್ನೇನು ಕಾರ್ಯತಂತ್ರ ಎಂದು ಬರೆಯುವಷ್ಟು ಸಿಟ್ಟು ಬರುತ್ತಿತ್ತು. ಬರೆಯಲಿಲ್ಲ. ಹಲ್ಲು ಕಚ್ಚಿಕೊಂಡು ಮೂರು ವಾರ ಕೂತೆ. ಬಹುಶಃ ಹಾಗೆ ಕಚ್ಚಿಕೊಂಡದ್ದಕ್ಕೇ ಇರಬೇಕು, ಕೊನೆಯ ವಾರ ದವಡೆ ಹಲ್ಲು ಕೈಕೊಟ್ಟಿತು. ಕೀಳಿಸಿಕೊಂಡು ಬಾಯಿ ತುಂಬ ಹತ್ತಿಯಿಟ್ಟುಕೊಂಡು ಮನೆಯಲ್ಲಿ ಮಲಗಿದೆ.

ಅಷ್ಟೊತ್ತಿಗೆ ಎಲ್ಲ ತಯಾರಾಗಿತ್ತು, ಒಂದನ್ನು ಬಿಟ್ಟು. ಅರ್ಜಿಯ ಜೊತೆ ಹತ್ತು ಅಡಕಗಳನ್ನು ಇಡಬೇಕಿತ್ತು. ಏಳನೆಯದು: “ಯೋಜನೆಯಿಂದಾದ ಬದಲಾವಣೆಯನ್ನು ದೃಢಪಡಿಸುವ ಅಳತೆಗಳು.” ಅವರಿಗೆ ಬೇಕಾಗಿದ್ದದ್ದು ಒಂದು ಪುಟದ ಕೋಷ್ಟಕ. ಇಷ್ಟು ಜನ ಬಂದರು, ಶೇಕಡಾ ಇಷ್ಟು ಸುಧಾರಿಸಿತು, ಹೀಗೆ. ಮರುದಿನ ಎದ್ದು ಅದನ್ನು ಸೇರಿಸಿ ನಾನೇ ಕಳಿಸುವವಳಿದ್ದೆ. ಸಂಜೆ ಮಾವ ನನ್ನ ಹಾಸಿಗೆಯ ಪಕ್ಕ ಬಂದು, ಅರ್ಜಿ ಎಲ್ಲಿಗೆ ಬಂತು ಎಂದು ಕೇಳಿದರು. ನಾನು ಹತ್ತಿಯ ಸಂದಿಯಿಂದ ಹೇಳಿದೆ:

“ಎಲ್ಲಾ ಆಗಿದೆ ಮಾವ. ಏಳಕ್ಕೆ ಅಳತೆ ಹಾಕ್ಬೇಕು, ಅಷ್ಟೇ.”

ಅವರು ನನ್ನ ಹಣೆ ಮುಟ್ಟಿ ನೋಡಿ, ನೀನು ಮಲಗು ಮಗಳೇ ಎಂದು ಹೋದರು.

ಜ್ವರ ಎರಡು ದಿನ ಬಿಡಲಿಲ್ಲ. ಮೂರನೆಯ ದಿನ, ಕೊನೆಯ ತಾರೀಖಿನ ಬೆಳಿಗ್ಗೆ, ಕೋಷ್ಟಕ ಹಿಡಿದುಕೊಂಡು ಸಂಸ್ಥೆಗೆ ಓಡೋಡಿ ಬಂದರೆ ಮೇಜಿನ ಮೇಲೆ ಅರ್ಜಿಯ ಲಕೋಟೆ ಇಲ್ಲ. ಮಾವನ ಕೋಣೆಯಲ್ಲಿ ಟ್ರಂಕು ಬಾಯಿ ತೆರೆದುಕೊಂಡಿದೆ, ಒಳಗೆ ಒಂದು ಹಾಳೆಯಿಲ್ಲ. ಮಾವ ದಬ್ಬಳಕ್ಕೆ ದಾರ ಪೋಣಿಸುತ್ತಾ ಹೆಮ್ಮೆಯಿಂದ ನಕ್ಕರು.

“ಅಳತೆ ಹಾಕಿ ಕಳಿಸಿಬಿಟ್ಟೆ ಮಗಳೇ. ಒಂದೂ ಬಿಟ್ಟಿಲ್ಲ. ದೊಡ್ಡ ರಟ್ಟಿನ ಪೆಟ್ಟಿಗೆ ಬೇಕಾಯ್ತು.”

ಅರ್ಜಿಯೂ ಹಾಳು, ಹನ್ನೊಂದು ವರ್ಷದ ದಾಖಲೆಯೂ ಹಾಳು. ಎಲ್ಲವೂ ಮೂಲ ಪ್ರತಿ, ನಕಲು ಎಂಬುದೇ ಇಲ್ಲ. ಅಂಥ ಪೆಟ್ಟಿಗೆಯನ್ನು ಯಾವ ಕಚೇರಿಯವರು ತೆರೆದು ನೋಡುತ್ತಾರೆ, ಮೂಲೆಗೆ ಎಸೆದಿರುತ್ತಾರೆ. ಆಮೇಲೆ ನಾನು ಆಡಿದ ಮಾತು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅಳತೆ ತೆಗೆಸಿಕೊಳ್ಳಲು ಕೂತಿದ್ದ ಆರು ಜನರ ಎದುರಿಗೆ, ಅಂದು ಮೊಳೆ ಹೊಡೆದದ್ದು ಸಾಲದು ಅಂತ ಇಂದು ಇದನ್ನೂ ಮಾಡಿದಿರಾ ಎಂದೆ. ಮಾವ ದಾರವನ್ನು ದಬ್ಬಳದಿಂದ ಹೊರಗೆಳೆದು, ಸುತ್ತಿ, ಡಬ್ಬದಲ್ಲಿಟ್ಟರು. ಮನೆಯಲ್ಲೂ ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ನನ್ನ ಗಂಡ ಇಬ್ಬರ ನಡುವೆ ಅಂಚೆಯವನಂತೆ ಓಡಾಡಿದ.

ಸೊಪ್ಪಿನಮ್ಮನ ಹೊಸ ಜೋಡಿ ಅರ್ಧಕ್ಕೆ ನಿಂತಿತು. ಹೊಸದಾಗಿ ಗೆರೆ ಎಳೆಯಬಹುದು, ಆದರೆ ಏಳು ವರ್ಷದಲ್ಲಿ ಗಾಯ ಎಲ್ಲಿತ್ತು, ಹೇಗೆ ಕುಗ್ಗಿತು ಎಂಬುದು ಆ ಹಾಳೆಗಳಲ್ಲಿತ್ತು. ಅಂದಾಜಿನ ಮೇಲೆ ನಾನು ಅಟ್ಟೆ ಕತ್ತರಿಸೋದಿಲ್ಲ ಎಂದು ಮಾವ ದೊಡ್ಡಮ್ಮನಿಗೆ ಖಡಾಖಂಡಿತವಾಗಿ ಹೇಳಿದರು. ಸೊಪ್ಪಿನಮ್ಮ ಮಾತ್ರ ನಗುತ್ತಿದ್ದಳು. ನನ್ನ ಕಾಲು ಅಂಚೆಗೆ ಹೋಗಿದೆ, ಬಂದ ಮೇಲೆ ನಡೀತೀನಿ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅವಳ ಹಳೆಯ ಚಪ್ಪಲಿಯ ಎಡ ಅಟ್ಟೆ ಅಷ್ಟರಲ್ಲಿ ಅಪ್ಪಳದಷ್ಟು ತೆಳ್ಳಗಾಗಿತ್ತು. ಮೂರನೆಯ ವಾರ ಮಾವ ಕೈಯ ಹಿಂಬದಿ ತಾಗಿಸಿ ನೋಡಿ, ಹಾಳೆಗಳಿಲ್ಲದ್ದರಿಂದ ಅಂಗಾಲಿನ ಮೇಲೇ ನೀಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಬಿಸಿ ಬಂದಿತ್ತು. ದೊಡ್ಡಮ್ಮ ಅವಳಿಗೆ ಬುಟ್ಟಿ ಮುಟ್ಟಬೇಡ, ಮನೆಯಲ್ಲಿ ಕೂತಿರು ಎಂದರು. ಅಂದು ಮಾತ್ರ ಅವಳು ನಗಲಿಲ್ಲ.

ನಾನು ಪ್ರತಿಷ್ಠಾನಕ್ಕೆ ಎರಡು ಪತ್ರ ಬರೆದೆ, ಆರು ಸಲ ಫೋನ್ ಮಾಡಿದೆ. ಕೊನೆಗೊಂದು ದಿನ ಅವರಿಂದಲೇ ಓಲೆ ಬಂತು: ನಿಮ್ಮ ಅಡಕ ಏಳರ ಬಗ್ಗೆ ವಿವರಣೆ ಬೇಕಾಗಿದೆ, ಖುದ್ದಾಗಿ ಹಾಜರಾಗತಕ್ಕದ್ದು. ಉಗಿಸಿಕೊಳ್ಳಲು ಕರೆಯುತ್ತಿದ್ದಾರೆ ಎಂದುಕೊಂಡೆ. ಉಗಿಸಿಕೊಂಡಾದರೂ ಪೆಟ್ಟಿಗೆ ತರೋಣ ಎಂದು ಹೊರಟೆ. ಮಾವನನ್ನು ಕರೆಯಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಅವರು ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಸೊಪ್ಪಿನಮ್ಮ, ಬುಟ್ಟಿಯಿಲ್ಲದೆ. ನೀನು ನಡೆಯಬಾರದು, ನಿನಗೆ ಅಲ್ಲೇನು ಕೆಲಸ ಎಂದು ರೇಗಿದೆ.

“ಅಕ್ಕಾ, ನನ್ನ ಕಾಲು ಅಲ್ಲಿದೆ. ನಾನು ಇಲ್ಲಿ ಕೂತ್ಕೊಂಡು ಏನ್ ಮಾಡ್ಲಿ?”

ಆಟೋ ಮಾಡಿಕೊಂಡು ಹೋದೆವು.

ನಾಲ್ಕನೆಯ ಮಹಡಿ, ಉದ್ದನೆಯ ಮೇಜು, ಗೋಡೆ ತುಂಬ ಗಾಜಿನ ಕಿಟಕಿ. ಮೇಜಿನ ತುಂಬ ನಮ್ಮ ಬೆಣ್ಣೆ ಕಾಗದಗಳು. ಸಾವಿರ ಪಾದ ಒಟ್ಟಿಗೆ ಎದುರಿಗೆ ಬಂದು ನಿಂತ ಹಾಗಿತ್ತು. ಮಾವ ಕೈಮುಗಿಯುವುದನ್ನೂ ಮರೆತು ಮೊದಲು ಅವು ಸುಕ್ಕಾಗಿವೆಯೇ ಎಂದು ನೋಡಿದರು. ಆಚೆ ಬದಿ ಇಬ್ಬರು ಕೂತಿದ್ದರು, ಬೆಳ್ಳಿಗೂದಲಿನ ಅಧ್ಯಕ್ಷೆ ಮತ್ತು ಟೈ ಕಟ್ಟಿದ ಒಬ್ಬ ಪರೀಕ್ಷಕರು. ನಾನು ಕೋಷ್ಟಕ ಮುಂದಿಟ್ಟು, ತಪ್ಪಾಯಿತು, ಕಳಿಸಬೇಕಾದದ್ದು ಇದು ಎಂದು ಶುರುಮಾಡಿದೆ. ಅಧ್ಯಕ್ಷೆ ಕೋಷ್ಟಕವನ್ನು ಪಕ್ಕಕ್ಕೆ ಸರಿಸಿ, ಇಂಥ ಕೋಷ್ಟಕ ನಮ್ಮ ಹತ್ತಿರ ಮುನ್ನೂರಿವೆ, ಈ ಕಾಗದ ಏನೆಂದು ಬರೆದವರೇ ಹೇಳಲಿ ಎಂದರು.

ಮಾವ ರಾಶಿಯಿಂದ ಸೊಪ್ಪಿನಮ್ಮನ ಹದಿನಾಲ್ಕು ಹಾಳೆಗಳನ್ನು ಹೆಕ್ಕಿದರು. ಹುಡುಕಲಿಲ್ಲ, ನೆರೆಮನೆಯವರನ್ನು ಸಂತೆಯಲ್ಲಿ ಗುರುತು ಹಿಡಿಯುವಂತೆ ಕೈಹಾಕಿ ತೆಗೆದರು. ಕಿಟಕಿಯ ಗಾಜಿಗೆ ಮೊದಲ ಹಾಳೆ ಒತ್ತಿ ಹಿಡಿದರು. ಬೆಳಕಿನಲ್ಲಿ ಪಾದದ ನಡುವೆ ಅಂಗೈಯಷ್ಟು ಕೆಂಪು ಕಂಡಿತು. ಅದರ ಮೇಲೆ ಎರಡನೆಯದು, ಮೂರನೆಯದು. ಒಂದರೊಳಗೊಂದು ಕೆಂಪು ಸಣ್ಣಗಾಗುತ್ತಾ ಹೋಯಿತು. ಎಂಟನೆಯ ಹಾಳೆಗೆ ಅದು ಹುಣಸೆ ಬೀಜದಷ್ಟು, ಒಂಬತ್ತನೆಯದರಲ್ಲಿ ಇಲ್ಲ. ಅಲ್ಲಿಂದ ಮುಂದೆ ಬರೀ ಪಾದ. ಅಧ್ಯಕ್ಷೆ ಎದ್ದು ಕಿಟಕಿಯ ಹತ್ತಿರ ಬಂದರು. ಇಷ್ಟು ವರ್ಷ ನಾನು ಆ ಟ್ರಂಕಿನ ಪಕ್ಕದಲ್ಲೇ ಕೂತು ವರದಿ ಬರೆದಿದ್ದೇನೆ. ಒಂದು ಸಲವೂ ಹೀಗೆ ಹಿಡಿದು ನೋಡಿರಲಿಲ್ಲ.

ಟೈ ಕಟ್ಟಿದವರು ಮಾತ್ರ ಕುರ್ಚಿ ಬಿಡಲಿಲ್ಲ. ಚೆನ್ನಾಗಿದೆ, ಆದರೆ ಇದನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನ ಕೂತು ಬರೆಯಬಹುದಲ್ಲ, ನಿಜವೆಂದು ಹೇಗೆ ನಂಬುವುದು ಎಂದರು. ಕಾಲು ಕೆರೆದು ಜಗಳಕ್ಕೆ ಹೋಗುವುದು ನನಗೇನೂ ಹೊಸದಲ್ಲ, ಬಾಯಿ ತೆರೆದೆ. ಅಷ್ಟರಲ್ಲಿ ಸೊಪ್ಪಿನಮ್ಮ ಎದ್ದಿದ್ದಳು. ಮಾವನ ಕೈಯಿಂದ ಕೊನೆಯ ಹಾಳೆ ತೆಗೆದುಕೊಂಡು ನೆಲಕ್ಕೆ ಹಾಸಿದಳು. ಎಡಗಾಲಿನ ಚಪ್ಪಲಿ ಬಿಚ್ಚಿ ಪಾದವನ್ನು ಅದರ ಮೇಲಿಟ್ಟಳು.

“ಇದು ನನ್ನ ಕಾಲು. ಗೆರೆ ಸರಿ ಇದೆಯಾ ನೋಡ್ಕೊಳಿ.”

ಆ ಮನುಷ್ಯ ಮೇಜು ಸುತ್ತಿ ಬಂದರು. ಮೊದಲು ಬಗ್ಗಿದರು, ಸರಿಯಾಗಿ ಕಾಣಲಿಲ್ಲ. ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲದ ಮೇಲೆ ಮಂಡಿಯೂರಿದರು. ಹಿಮ್ಮಡಿಯಿಂದ ಮೊಂಡಾದ ಕಿರುಬೆರಳಿನವರೆಗೆ ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಲೆಯೆತ್ತಿ, ಮುಟ್ಟಿ ನೋಡಬಹುದೇ ಎಂದು ಕೇಳಿದರು. ದನಿ ಬೇರೆಯಾಗಿತ್ತು.

“ಮುಟ್ಟಿ. ನನಗೇನೂ ಗೊತ್ತಾಗಲ್ಲ,” ಎಂದಳು ಸೊಪ್ಪಿನಮ್ಮ. “ಅದಕ್ಕೇ ನಮ್ಮ ಮಾಸ್ತರು ಬರೆದಿಡೋದು.”

ಬಸ್ಸಿನಲ್ಲಿ ಅವಳು ಕೂತರೆ ಪಕ್ಕದ ಸೀಟಿನವರು ಏಳುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆ ಪಾದವನ್ನು ಅವರು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಅಂಗಾಲಿನ ಗಾಯದ ಜಾಗದಲ್ಲಿ ನಯವಾದ ಹಳೆಯ ಕಲೆ ಇತ್ತು, ಅದರ ಅಂಚಿನಲ್ಲಿ ಮಾವನ ಮೊನ್ನೆಯ ನೀಲಿ ಗುರುತು. ಇದೇನು ಎಂದು ಕೇಳಿದರು. ಹೊಸ ಅಟ್ಟೆ ಬೀಳದೇ ಇದ್ದರೆ ಮುಂದಿನ ತಿಂಗಳು ಅಲ್ಲಿ ಕೆಂಪು ಬರುತ್ತದೆ ಎಂದು ಮಾವ ಹೇಳಿದರು. ಹೇಳಿದ್ದು ಅಷ್ಟೇ, ಬೇಡಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷೆ ರಾಶಿಯ ಅಡಿಯಿಂದ ಒಂದು ಹಳೆಯ ಹಾಳೆ ಎಳೆದು ತಂದರು. ಮೂರೇ ಬೆರಳಿನ ಬಲ ಪಾದ. ಮೂಲೆಯಲ್ಲಿ ಮಾವನ ಅಕ್ಷರ: “ನನ್ನ ಮೊಳೆ.” ಅವರ ಅತಿ ಮೊದಲ ಹಾಳೆ ಅದು. ಅದನ್ನೂ ಕಳಿಸಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನಾಲ್ಕು ದಿನ ಅವರು ಯಾಕೆ ಮಾತಾಡಲಿಲ್ಲ ಎಂಬುದು ಆಗ ನನಗೆ ತಟ್ಟಿತು. ಮಾವ ಅಧ್ಯಕ್ಷೆಗೆ ಇಡೀ ಕತೆ ಹೇಳಿದರು, ಒಂದಕ್ಷರ ಮರೆಮಾಚಲಿಲ್ಲ. ಅನುದಾನ ಕೇಳುವವರು ಇಂಥದ್ದನ್ನು ಬಚ್ಚಿಡುತ್ತಾರೆ, ನೀವು ಯಾಕೆ ಕಳಿಸಿದಿರಿ ಎಂದು ಅಧ್ಯಕ್ಷೆ ಕೇಳಿದರು. ಮಾವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಅಳತೆ ಕೇಳಿದ್ರಲ್ಲಮ್ಮ,” ಎಂದರು.

ಹಿಂತಿರುಗುವಾಗ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಆಟೋದ ಗದ್ದಲದಲ್ಲಿ, ಮಾವ, ಆ ದಿನ ನಾನಾಡಿದ ಮಾತಿಗೆ ನನ್ನ ನಾಲಿಗೆ ಸೀಳಬೇಕು ಎಂದೆ. ಕಣ್ಣಲ್ಲಿ ನೀರು ತಡೆಯಲಾಗಲಿಲ್ಲ. ಅವರು ನನ್ನ ಚಪ್ಪಲಿಯ ಕಡೆ ನೋಡುತ್ತಾ, ಸೀಳಿದ್ರೆ ಮುಂದಿನ ಅರ್ಜಿ ಯಾರು ಓದಿ ಹೇಳ್ತಾರೆ ಎಂದರು. ಅಷ್ಟಕ್ಕೆ ಮುಗಿಯಿತು. ಮಾವ ಮನೆಗೂ ಹೋಗದೆ ನೇರ ತಮ್ಮ ಕೋಣೆಗೆ ಹೋಗಿ, ಹದಿನಾಲ್ಕು ಹಾಳೆಗಳನ್ನು ಗೋಡೆಗೆ ಸಿಕ್ಕಿಸಿ ಸೊಪ್ಪಿನಮ್ಮನ ಅಟ್ಟೆಗೆ ಕತ್ತರಿ ಹಾಕಿದರು. ಸಾಲದೇ ಬಂದ ರಬ್ಬರಿಗೆ ಡಬ್ಬದ ಚೂರುಗಳನ್ನು ಅಂಟಿಸಿಕೊಂಡರು.

ಪ್ರತಿಷ್ಠಾನದ ಪತ್ರ ಹತ್ತು ದಿನಕ್ಕೆ ಬಂತು. ಕವರು ದಪ್ಪಗಿತ್ತು. ಇಲ್ಲ ಎನ್ನುವ ಕಾಗದ ಯಾವಾಗಲೂ ತೆಳ್ಳಗಿರುತ್ತದೆ, ಅದು ನನ್ನ ಇಷ್ಟು ವರ್ಷದ ಅನುಭವ. ಒಡೆದೆ. ಓದಿ, ಓಣಿಯಲ್ಲೇ ನಿಂತು ಕೂಗಿಕೊಂಡೆ. ದೊಡ್ಡಮ್ಮ ಪಟ್ಟಿ ಕಟ್ಟುತ್ತಿದ್ದ ಕಾಲನ್ನು ಹಾಗೇ ಬಿಟ್ಟು ಬಂದರು, ಆ ಕಾಲಿನ ಯಜಮಾನನೂ ಕುಂಟಿಕೊಂಡು ಹಿಂದೆಯೇ ಬಂದ. ಕೂತಿದ್ದವರೆಲ್ಲ ಎದ್ದರು. ಮೂರು ವರ್ಷ ಎಂದು ಮೊದಲು ಓದಿದೆ. ಎರಡೂ ಕೋಣೆಗೆ ಎಂದು ಓದಿದೆ. ಪಕ್ಕದ ಊರಿನ ಇಬ್ಬರಿಗೆ ಮಾಸ್ತರು ಈ ಕೆಲಸ ಕಲಿಸಿಕೊಡಬೇಕು, ಅದಕ್ಕೂ ಸೇರಿಸಿ ಎಂದು ಓದಿದಾಗ ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕೊನೆಯ ಸಾಲು ಟೈ ಕಟ್ಟಿದವರ ಕೈಬರಹದಲ್ಲಿತ್ತು: ಇನ್ನು ಮುಂದೆ ದಯವಿಟ್ಟು ನಕಲು ಪ್ರತಿ ಕಳಿಸಿ. ಎಲ್ಲರೂ ನಕ್ಕರು, ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಗೆದ್ದೆವು ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಗೆದ್ದೆವು.

ಮಾವ ನಗಲಿಲ್ಲ. ಪತ್ರವನ್ನು ಕೈಗೆ ತೆಗೆದುಕೊಂಡು ಎರಡು ಸಲ ತಾವೇ ಓದಿದರು. ಹೊಸ ಚಪ್ಪಲಿ ಹಾಕಿಕೊಂಡು ಬುಟ್ಟಿ ಇಳಿಸಿ ಬಾಗಿಲಲ್ಲಿ ನಿಂತಿದ್ದ ಸೊಪ್ಪಿನಮ್ಮನ ಕಡೆ ತಿರುಗಿದರು.

“ಮೂರು ವರ್ಷ ಕೊಟ್ಟಿದ್ದಾರೆ. ಅಂದ್ರೆ ಇನ್ನೂ ಆರು ಹಾಳೆ. ತಪ್ಪಿಸ್ಬೇಡ, ಆರು ತಿಂಗಳಿಗೊಂದ್ಸಲ ನಡ್ಕೊಂಡು ಬಂದುಬಿಡು.”

“ಬರ್ತೀನಿ ಮಾಸ್ತರೇ,” ಎಂದಳು ಅವಳು. “ಕಾಲಿದೆಯಲ್ಲ.”